ಸಿಇಟಿ ಅರ್ಜಿ ಹಾಕಿಸಿದ್ದೀರಾ? ಒಟಿಪಿ ಯಾರ ಫೋನಿಗೆ ಹೋಗುತ್ತಿದೆ, ಮೊದಲು ಅದನ್ನು ನೋಡಿ

ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಸಿಇಟಿ ಬರೆದವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅರ್ಜಿ ಸಬ್ಮಿಟ್ ಆಯಿತು, ಇನ್ನೇನು ಸೀಟು ಬರುತ್ತದೆ ಅಂತ ಕೂರಬೇಡಿ. ನನ್ನ ತಂಗಿಯ ಸೀಟು ಹೋಗಿದ್ದು ಎಲ್ಲ ಸಬ್ಮಿಟ್ ಆದ ಮೇಲೆಯೇ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಮ್ಮದು ಇಂಡಿ ತಾಲ್ಲೂಕು, ನಿಂಬೆ ತೋಟ ಇದೆ. ತಂಗಿಗೆ ಬಿಎಸ್ಸಿ ಅಗ್ರಿನೇ ಮಾಡಬೇಕು ಅಂತ ಹಟ, ಅದೂ ಹಿಟ್ಟಿನಹಳ್ಳಿ ಫಾರ್ಮಿನ ನಮ್ಮ ವಿಜಯಪುರ ಕೃಷಿ ಕಾಲೇಜಿನಲ್ಲೇ. ರೈತರ ಮಕ್ಕಳ ಕೋಟಾಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯನ್ನೂ ಕೊಟ್ಟಿದ್ದಳು. ರ‍್ಯಾಂಕ್ ಚೆನ್ನಾಗಿಯೇ ಬಂತು. ಸಿಇಟಿ ಅರ್ಜಿ ಹಾಕಿಕೊಟ್ಟ ವಿಜಯಪುರದ ಸೈಬರ್ ಸೆಂಟರಿನವನೇ ಆಪ್ಷನ್ ಎಂಟ್ರಿಯನ್ನೂ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಮೊದಲು ಯಾವುದು ಆಮೇಲೆ ಯಾವುದು ಅಂತ ಸಾಲಾಗಿ ತುಂಬುವುದನ್ನೂ, ಮಾಡುತ್ತೇನೆ ಅಂದ. ಅಂಗಡಿ ಮುಂದೆ ಕೌನ್ಸೆಲಿಂಗ್ ಮಾಡಿಕೊಡುತ್ತೇವೆ ಅಂತ ದೊಡ್ಡ ಫ್ಲೆಕ್ಸ್ ಬೇರೆ. ಮೂರು ಸಾವಿರ ತೆಗೆದುಕೊಂಡ. "ಅಣ್ಣಾರ, ಕಡೀತನಕ ನಮ್ದ ಜವಾಬ್ದಾರಿ. ನೀವು ಆರಾಮ ಊರಿಗೆ ಹೋಗ್ರಿ" ಅಂದ. ಪ್ರಿಂಟ್ ಕೇಳಿದೆವು. "ಟೋನರ್ ಮುಗದೈತ್ರಿ, ನಾಳೆ ವಾಟ್ಸಪ್ ಮಾಡ್ತೀನಿ." ಆ ನಾಳೆ ಬರಲೇ ಇಲ್ಲ.

ಮಾಕ್ ರಿಸಲ್ಟ್, ಅಂದರೆ ನಿಜವಾದ ಹಂಚಿಕೆಗೆ ಮುಂಚಿನ ಅಣಕು ಸೀಟು ಹಂಚಿಕೆ, ಬಂದಾಗ ತಂಗಿ ಸಿಇಟಿ ನಂಬರ್ ಹಾಕಿ ಫೋನಿನಲ್ಲೇ ನೋಡಿದಳು. ಹಿಟ್ಟಿನಹಳ್ಳಿ ಬಂದಿತ್ತು! ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೊದಲ ಸುತ್ತಿನಲ್ಲಿ ಬಂದಿದ್ದು ಬೆಂಗಳೂರು ಹೊರಗಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ನಾವು ಹೆಸರೇ ಕೇಳದ ಕಾಲೇಜು. ಸೈಬರ್‌ನವನಿಗೆ ಫೋನ್ ಹಚ್ಚಿದರೆ "ನೋಡ್ತೀನ್ರಿ, ನೋಡ್ತೀನ್ರಿ" ಅಂತ ದಿನ ತಳ್ಳಿದ. ಕೊನೆಗೆ ಬಸ್ ಹತ್ತಿ ಅವನ ಅಂಗಡಿಗೇ ಹೋದೆವು.

ಚಹಾ ಕುಡಿಯುತ್ತಾ ಮಾನಿಟರನ್ನು ನಮ್ಮ ಕಡೆ ತಿರುಗಿಸಿದ. ಒಂದನೇ ಸಾಲಿನಲ್ಲಿ ಆ ಇಂಜಿನಿಯರಿಂಗ್ ಕಾಲೇಜು. ಎರಡನೇ ಸಾಲಿನಲ್ಲೂ ಅದೇ ಕಾಲೇಜು, ಬ್ರ್ಯಾಂಚ್ ಮಾತ್ರ ಬೇರೆ. ಹಿಟ್ಟಿನಹಳ್ಳಿ ಮೂರಕ್ಕೆ ಇಳಿದಿತ್ತು. ನಾವು ಅವನ ಎದುರು ಕೂತು ಬರೆಸಿದ ಪಟ್ಟಿಯಲ್ಲಿ ಆ ಕಾಲೇಜು ಇರಲೇ ಇಲ್ಲ. ತಂಗಿ ಸ್ಕ್ರೀನ್ ಮೇಲೆ ಬೆರಳಿಟ್ಟು "ಇದನ್ನ ಯಾರು ಹಾಕಿದ್ರು?" ಅಂದಳು. ಅವನು ಅವಳ ಮುಖ ನೋಡಲಿಲ್ಲ.

ಮಾಕ್ ಆದ ಮೇಲೆ ಆಪ್ಷನ್ ತಿದ್ದಲು ಅವಕಾಶ ಇರುತ್ತದೆ, ಅಲ್ವಾ? ಆಗ ಮಾಡಿದ್ದಾನೆ. ಸೀಟು ಹಂಚುವಾಗ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತಾರೆ. ಮೇಲಿನದು ಸಿಕ್ಕರೆ ಕೆಳಗಿನದು ಲೆಕ್ಕಕ್ಕೇ ಇಲ್ಲ. ಮುಂದಿನ ಸುತ್ತಿನಲ್ಲೂ ಸಿಕ್ಕಿದ್ದಕ್ಕಿಂತ ಮೇಲಿನ ಆಪ್ಷನ್ ಮಾತ್ರ ನೋಡುತ್ತಾರೆ. ಅಂದರೆ ಹಿಟ್ಟಿನಹಳ್ಳಿ ಮುಗಿಯಿತು. ಇದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೇಳಿದರೆ ಏನಂದ ಗೊತ್ತಾ? "ನಾ ಏನೂ ಮಾಡಿಲ್ರಿ. ಸರ್ವರ್ ಮಾಡೇತಿ."

"ಒಟಿಪಿ ಇಲ್ಲದ ಸರ್ವರ್ ಹೆಂಗ ಮಾಡ್ತೈತ್ರಿ?"

"ಒಟಿಪಿ ನಮ್ಮ ನಂಬರಿಗೆ ಬರ್ತೈತ್ರಿ. ನಿಮ್ಮೂರಾಗ ನೆಟ್‌ವರ್ಕ್ ಸಿಗಂಗಿಲ್ಲಲ್ಲ, ನಿಮಗ ಚೊಲೋ ಆಗ್ಲಿ ಅಂತ ನಮ್ಮ ನಂಬರ್ ಹಾಕೀನಿ."

ನಮಗೆ ಚೊಲೋ ಆಗಲಿ ಅಂತ! ಅರ್ಜಿ ಹಾಕುವಾಗ ತಂಗಿಯ ನಂಬರ್ ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದ. ಅರ್ಜಿಯಲ್ಲಿ ತುಂಬಿದ್ದು ತನ್ನದು. ಪ್ರಿಂಟ್ ಯಾಕೆ ಕೊಡಲಿಲ್ಲ ಅಂತ ಆಗ ತಿಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದು ಒತ್ತಿದರೆ ಸೀಟು ಒಪ್ಪಿಕೊಂಡು ಫೀ ಕಟ್ಟಿ ಕಾಲೇಜು ಸೇರಬೇಕು, ಮುಂದಿನ ಸುತ್ತು ಇಲ್ಲ. ಅವನು ಒಂದನ್ನೇ ಒತ್ತಿದ್ದ. ನಮ್ಮನ್ನು ಕೇಳದೆ. "ಡೇಟ್ ಮುಗೀತಿತ್ರಿ" ಅಂದ. ಡೇಟ್ ಮುಗಿದಿರಲಿಲ್ಲ, ತಂಗಿ ಅಲ್ಲೇ ಫೋನ್ ತೆಗೆದು ತೋರಿಸಿದಳು. ಅದಕ್ಕೂ "ಸರ್ವರ್ ಪ್ರಾಬ್ಲಮ್."

ಅಷ್ಟರಲ್ಲಿ ಆ ಕಾಲೇಜಿನಿಂದ ಅಪ್ಪನಿಗೆ ಫೋನ್ ಬಂದಿತ್ತು, ಹಾಸ್ಟೆಲ್ ಬುಕ್ ಮಾಡ್ತೀರಾ ಅಂತ. ಅಪ್ಪನ ನಂಬರ್ ಅರ್ಜಿಯಲ್ಲಿ ಎಲ್ಲೂ ಇಲ್ಲ. ಅದು ಇದ್ದಿದ್ದು ಈ ಸೈಬರ್‌ನವನ ಹತ್ತಿರ ಮಾತ್ರ. ಇದನ್ನು ಕೇಳಿದಾಗ ಬಾಯಿ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಹೊಸ ರಾಗ. "ಹತ್ತು ಸಾವಿರ ಕೊಡ್ರಿ, 371ಜೆ ಕೋಟಾದಾಗ ಅಗ್ರಿ ಮಾಡಿಸ್ಕೊಡ್ತೀನಿ." ಅಲ್ರೀ, ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದು ಪಕ್ಕದ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ. ವಿಜಯಪುರ ಜಿಲ್ಲೆ ಅದರಲ್ಲಿ ಬರುವುದೇ ಇಲ್ಲ! ಇಂಡಿಯವರ ಮುಂದೆ ಕೂತು ಈ ಮಾತು ಹೇಳುತ್ತಾನೆ ಅಂದರೆ ನಮ್ಮನ್ನು ಏನು ಅಂದುಕೊಂಡಿದ್ದಾನೆ?

ವೆರಿಫಿಕೇಶನ್‌ಗೆ ಬೇಕು ಅಂತ ಹತ್ತನೇ ತರಗತಿ ಅಂಕಪಟ್ಟಿ, ಗ್ರಾಮೀಣ ವ್ಯಾಸಂಗದ ಸರ್ಟಿಫಿಕೇಟ್ ಒರಿಜಿನಲ್ ಇಟ್ಟುಕೊಂಡಿದ್ದ. ಬಿಇಒ ಸಹಿಗಾಗಿ ಅಪ್ಪ ಓಡಾಡಿ ಮಾಡಿಸಿದ್ದು ಅದು. ಕೇಳಿದರೆ "ಬ್ಯಾಲೆನ್ಸ್ ಕೊಟ್ಟು ಒಯ್ರಿ" ಅಂದ. ಯಾವ ಬ್ಯಾಲೆನ್ಸ್? ನಮ್ಮ ಮಾಮಾ ಬಂದು "ನಡೀರಿ ಸ್ಟೇಶನ್ನಿಗೆ" ಅಂದ ಮೇಲೆ ಡ್ರಾಯರಿನಿಂದ ತೆಗೆದು ಟೇಬಲ್ ಮೇಲೆ ಎಸೆದ. ನಮ್ಮ ಮೂರು ಸಾವಿರ ಇನ್ನೂ ವಾಪಸ್ ಕೊಟ್ಟಿಲ್ಲ.

ಈಗ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಸಕ್ರಿ ಕೊಟ್ಟಿದ್ರಲ್ಲ ಅಕ್ಕಾರ, ಕಾಲೇಜ್ ಯಾವಾಗ ಶುರು?" ಅವ್ವ ನೀರಿಗೆ ಹೋಗುವುದನ್ನೂ ಬಿಟ್ಟಿದ್ದಾಳೆ. ತಂಗಿ ಮಾತೇ ಆಡುತ್ತಿಲ್ಲ.

ಅರ್ಜಿಯಲ್ಲಿ ನಿಮ್ಮ ಮನೆಯವರ ನಂಬರೇ ಇರಲಿ. ಪ್ರಿಂಟ್ ಕೊಡದಿದ್ದರೆ ದುಡ್ಡು ಕೊಡಬೇಡಿ, ಎದ್ದು ಬನ್ನಿ. ಒಟಿಪಿ ಯಾರಿಗೂ ಹೇಳಬೇಡಿ, ಅವನು ಎಷ್ಟೇ ಅಣ್ಣಾ ಅಕ್ಕಾ ಅಂದರೂ. ಮಾಕ್ ರಿಸಲ್ಟ್ ನೋಡಿ ಸುಮ್ನೆ ಕೂರಬೇಡಿ, ತಿದ್ದುವ ಅವಕಾಶ ಮುಗಿಯುವ ದಿನ ಮತ್ತೆ ಲಾಗಿನ್ ಆಗಿ ಒಂದನೇ ಸಾಲಿನಿಂದ ಓದಿ, ಪಿಡಿಎಫ್ ಇಟ್ಟುಕೊಳ್ಳಿ. ಚಾಯ್ಸ್ ಅನ್ನು ನೀವೇ ಒತ್ತಿ. ಸೈಬರ್‌ಗೆ ಝೆರಾಕ್ಸ್ ಸಾಕು, ಒರಿಜಿನಲ್ ಬಿಟ್ಟು ಬರಬೇಡಿ. ಡೌಟ್ ಇದ್ದರೆ ನಿಮ್ಮ ಪಿಯು ಕಾಲೇಜಿನ ಲೆಕ್ಚರರ್ ಹತ್ತಿರ ಕೇಳಿ, ಫ್ಲೆಕ್ಸ್ ಹಾಕಿಕೊಂಡವರ ಹತ್ತಿರ ಬೇಡ.

ಇವತ್ತೇ ಅರ್ಜಿ ತೆಗೆದು ಮೊಬೈಲ್ ನಂಬರ್ ಇರುವ ಜಾಗ ನೋಡಿ. ಅಲ್ಲಿ ಬೇರೆ ನಂಬರ್ ಇದ್ದರೆ ತಡ ಮಾಡದೆ ಸಿಇಟಿ ನಡೆಸುವ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರಕ್ಕೆ ತಿಳಿಸಿ. ನಾವು ತಿಳಿಸುವ ಹೊತ್ತಿಗೆ ಅವನು ಚಾಯ್ಸ್ ಒತ್ತಿ ಆಗಿತ್ತು.