ಕಾರು ಬರದ ದಾರಿಯಲ್ಲಿ ಪಂಕ್ಚರ್ ಅಂಗಡಿಯೂ ಇರಲ್ಲ

ಹೋದ ವಾರ ಆಫೀಸಿಗೆ ಹೊಸದಾಗಿ ಸೇರಿದ ಮೈಸೂರಿನ ಹುಡುಗ ಕೇಳಿದ. "ಸರ್, ಕಾರ್ಕಾಸೋನ್‌ನಿಂದ ಬೆಜಿಯೆವರೆಗೆ ಕೆನಾಲ್ ಪಕ್ಕದಲ್ಲೇ ಗ್ರಾವೆಲ್ ಸೈಕಲ್ ಹೊಡೆಯೋಣ ಅಂತಿದ್ದೀನಿ. ಒಂದೂ ಕಾರು ಬರಲ್ವಂತೆ. ಈಸಿ ಅಲ್ವಾ?"

ಗ್ರಾವೆಲ್ ಸೈಕಲ್ ಅಂದರೆ ಮಣ್ಣು, ಜಲ್ಲಿ ದಾರಿಗೆಂದೇ ಅಗಲ ಟೈರು ಹಾಕಿದ ಸೈಕಲ್. ಊಟದ ಹೊತ್ತಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫ್ರಾನ್ಸಿನ ಟುಲೂಸ್‌ನಲ್ಲಿ ವಿಮಾನದ ಕೆಲಸಕ್ಕೆಂದು ಬಂದ ನಮ್ಮವರು ಸಾಕಷ್ಟು ಜನ ಇದ್ದಾರೆ. ಎಲ್ಲರೂ ಒಂದಲ್ಲ ಒಂದು ಭಾನುವಾರ ಇದೇ ಯೋಚನೆ ಮಾಡುತ್ತಾರೆ.

ನಮ್ಮ ತಪ್ಪು ಶುರುವಾಗಿದ್ದು ಟುಲೂಸ್‌ನಲ್ಲೇ. ಇಲ್ಲಿಂದ ಕೆನಾಲ್ ದ್ಯು ಮಿದಿ ದಂಡೆಯಲ್ಲಿ ಹೊರಟರೆ ಸುಮಾರು 50 ಕಿಲೋಮೀಟರ್ ನುಣ್ಣಗಿನ ಟಾರು ದಾರಿ. ಮಕ್ಕಳು, ಅಜ್ಜ ಅಜ್ಜಿ, ನಾಯಿ ಎಲ್ಲ ಸಿಗುತ್ತಾರೆ. ಅದನ್ನೇ ಹತ್ತಾರು ಸಲ ಹೊಡೆದು, 240 ಕಿಲೋಮೀಟರ್ ಕೆನಾಲ್ ಪೂರ್ತಿ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಇರುವುದಿಲ್ಲ. ಒಂದು ಜಿಲ್ಲೆ ದಾಟಿದ ಕೂಡಲೇ ಟಾರು ಮುಗಿಯುತ್ತದೆ. ಕಾರ್ಕಾಸೋನ್ ದಾಟಿದ ಮೇಲೆ ಎಷ್ಟೋ ಕಡೆ ದಾರಿ ಅಂದರೆ ಹುಲ್ಲಿನ ಮಧ್ಯೆ ಒಂದು ಟೈರಿನ ಅಗಲದ ಗೆರೆ, ಅಷ್ಟೆ. ಈಗ ಕೆಲವು ಕಡೆ ಸರಿ ಮಾಡಿದ್ದಾರೆ. ಎಲ್ಲ ಕಡೆ ಅಲ್ಲ.

2019ರ ಸೆಪ್ಟೆಂಬರ್ ಕೊನೆಯ ಭಾನುವಾರ. ಹೆಂಡತಿಯ ತಮ್ಮ ಬೆಂಗಳೂರಿನಿಂದ ಬಂದಿದ್ದ. ನೂರು ಕಿಲೋಮೀಟರ್ ಆಗುತ್ತೆ ಕಣೋ ಅಂದರೆ ನಕ್ಕುಬಿಟ್ಟ. "ಭಾವ, ನಂದಿ ಬೆಟ್ಟ ಹತ್ತಿ ಇಳಿದು ಮನೆಗೆ ಬಂದು ತಿಂಡಿ ತಿನ್ನೋನು ನಾನು. ಇದು ಚಪ್ಪಟೆ ದಾರಿ."

ಇಬ್ಬರಿಗೂ ಸೈಕಲ್ ಬಾಡಿಗೆಗೆ ತಂದೆವು. ಬುಕ್ ಮಾಡುವಾಗ ಗ್ರಾವೆಲ್ ಬೈಕ್ ಅಂತಿತ್ತು. ಕೊಟ್ಟಾಗ ನೋಡಿದರೆ ಟೈರು ಬರೀ 32 ಮಿಲಿಮೀಟರ್, ಮೇಲೆ ಗ್ರಿಪ್ಪೇ ಇಲ್ಲ, ಒಳಗೆ ಮಾಮೂಲಿ ಟ್ಯೂಬು. "ಕೆನಾಲ್‌ಗೆ ಸಾಕು" ಅಂದರು. ಅಂಗಡಿಯವರೇ ಹೇಳುತ್ತಿದ್ದಾರಲ್ಲ ಅಂತ ನಾನೂ ಸುಮ್ಮನಾದೆ. ಸೀಟಿನ ಕೆಳಗಿನ ಚೀಲ ಬಿಚ್ಚಿ ನೋಡಲಿಲ್ಲ. ಸೈಕಲ್ಲಿನ ಫೋಟೋ ತೆಗೆಯಲಿಲ್ಲ. ಈ ಎರಡಕ್ಕೂ ಆಮೇಲೆ ದಂಡ ಕಟ್ಟಿದೆ.

ರೈಲಿನಲ್ಲಿ ಕಾರ್ಕಾಸೋನ್‌ಗೆ ಹೋಗಿ ಒಂಬತ್ತೂವರೆಗೆ ಶುರು ಮಾಡಿದೆವು. ಪಶ್ಚಿಮದಿಂದ ಸೆರ್ಸ್ ಗಾಳಿ ಬೀಸುತ್ತಿತ್ತು. ಬೆನ್ನಿಗೇ ಗಾಳಿ! ತುಳಿಯುವುದೇ ಬೇಡ. ಈ ಗಾಳಿಯನ್ನು ನಂಬಬೇಡಿ. ಮುಂದೆ ತಳ್ಳುವಾಗ ಗೊತ್ತಾಗಲ್ಲ, ವಾಪಸ್ ತಿರುಗಿದಾಗ ಎದೆಗೆ ಕೈಯಿಟ್ಟು ನಿಲ್ಲಿಸಿದ ಹಾಗಿರುತ್ತದೆ. ಸಮಸ್ಯೆ ಶುರುವಾದಾಗ ನಾವು ಹಿಂದಕ್ಕೆ ಹೋಗದೇ ಇದ್ದದ್ದಕ್ಕೆ ಅದೇ ಕಾರಣ.

ಟ್ರೆಬ್ ಊರಿನ ಸುತ್ತಮುತ್ತ ನೆರಳೇ ಇಲ್ಲ. ಈ ಕೆನಾಲ್ ಫೋಟೋಗಳಲ್ಲಿ ಎರಡೂ ಬದಿ ದೊಡ್ಡ ಪ್ಲೇನ್ ಮರಗಳ ಚಪ್ಪರ ಕಾಣುತ್ತದಲ್ಲ, ಅವಕ್ಕೆ 2006ರಿಂದ ಒಂದು ಬೂಷ್ಟಿನ ರೋಗ ಬಿದ್ದಿದೆ. ಒಟ್ಟು 42,000ದಷ್ಟು ಮರ ಇದ್ದವು. ರೋಗ ಬಂದದ್ದನ್ನು ಕಡಿದು ಸುಡುವುದು ಬಿಟ್ಟು ದಾರಿಯಿಲ್ಲ. ಕಡಿದ ಕಡೆ ಹೊಸ ಸಸಿ ನೆಟ್ಟಿದ್ದಾರೆ, ಅವು ನೆರಳು ಕೊಡುವ ಹೊತ್ತಿಗೆ ನನ್ನ ಮಗಳು ಅಜ್ಜಿಯಾಗಿರುತ್ತಾಳೆ. ನೀರು ಜಾಸ್ತಿ ಒಯ್ಯಿರಿ.

ಮಾರ್ಸೆಯೆತ್ ದಾಟಿದ ಮೇಲೆ ನೀರು ಕುಡಿಯಲು ದಾರಿ ಅಂಚಿಗೆ ಇಳಿದೆವು. ನೆಲಕ್ಕೆ ಅಂಟಿಕೊಂಡು ಹರಡಿದ ಹಸಿರು ಬಳ್ಳಿ, ಪುಟ್ಟ ಹಳದಿ ಹೂವು. ಸೈಕಲ್ ಅದರ ಮೇಲೇ ನಿಲ್ಲಿಸಿದೆವು. ಹೊರಡೋಣ ಅಂದರೆ ನಾಲ್ಕು ಚಕ್ರದಲ್ಲಿ ಮೂರು ಚಪ್ಪಟೆ.

ಭಾವಮೈದ ಟೈರಿನಿಂದ ಒಂದು ಮುಳ್ಳು ಕಿತ್ತು ಬೆರಳ ಮೇಲೆ ಇಟ್ಟು ತೋರಿಸಿದ. "ಭಾವ, ಇದು ನೆಗ್ಗಿಲ ಮುಳ್ಳು!" ಹೌದು, ಅದೇ. ಚಿಕ್ಕವರಿದ್ದಾಗ ಬರಿಗಾಲಲ್ಲಿ ಹೊಲಕ್ಕೆ ಹೋದರೆ ಹಿಮ್ಮಡಿಗೆ ಚುಚ್ಚುತ್ತಿತ್ತಲ್ಲ, ಅದೇ ಗಿಡ. ಇಲ್ಲಿಯವರು ಅದರ ಕಾಯಿಯ ಆಕಾರ ನೋಡಿ ಮಾಲ್ಟಾ ಶಿಲುಬೆ ಅಂತ ಕರೆಯುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಕಾಯಿ ಒಣಗಿ ಒಡೆಯುತ್ತದೆ. ಚೂರು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಊರಲ್ಲಿ ಗುರುತು ಹಿಡಿಯುತ್ತಿದ್ದ ಗಿಡವನ್ನು ಫ್ರಾನ್ಸಿನಲ್ಲಿ ಇರುತ್ತದೆ ಅಂತ ಊಹಿಸದೆ ಅದರ ಮೇಲೇ ನಿಂತಿದ್ದೆವು.

ಚೀಲ ಬಿಚ್ಚಿದೆ. ಒಳಗಿದ್ದ ಸ್ಪೇರ್ ಟ್ಯೂಬಿನ ವಾಲ್ವು ದಪ್ಪದ್ದು, ಕಾರಿನ ಟೈರಿಗೆ ಇರುವಂಥದ್ದು. ರಿಮ್ಮಿನ ತೂತು ಸಣ್ಣ ವಾಲ್ವಿಗೆ ಮಾಡಿದ್ದು. ತೂರಲೇ ಇಲ್ಲ. ಸೊಲ್ಯೂಷನ್ ಟ್ಯೂಬು ಅರ್ಧ ಒಣಗಿತ್ತು. ಪ್ಯಾಚು ನಾಲ್ಕೇ ನಾಲ್ಕು.

"ಇಲ್ಲಿ ಎಲ್ಲೂ ಪಂಕ್ಚರ್ ಅಂಗಡಿ ಇರಲ್ವಾ ಭಾವ?"

ಭಾನುವಾರ. ಸೈಕಲ್ ಅಂಗಡಿ ಇರುವ ಊರುಗಳಲ್ಲೂ ಬಾಗಿಲು ಹಾಕಿರುತ್ತಾರೆ, ಎಷ್ಟೋ ಕಡೆ ಸೋಮವಾರವೂ ತೆಗೆಯಲ್ಲ. ಬ್ರೆಡ್ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಹಳ್ಳಿಗೆ ಬಸ್ಸಿಲ್ಲ. ರೈಲು ದಾರಿ ದೂರದಲ್ಲಿ ಬೇರೆಯೇ ಹೋಗುತ್ತದೆ. ನಮ್ಮಲ್ಲಾದರೆ ರಸ್ತೆ ಬದಿ ನೀರಿನ ಬಾಂಡ್ಲಿ, ನೇತುಹಾಕಿದ ಟೈರು ಕಂಡೇ ಕಾಣುತ್ತದೆ. ಇಲ್ಲಿ ಬಾಂಡ್ಲಿ ಬದಲು ಯುನೆಸ್ಕೋ ಪಟ್ಟಿಯಲ್ಲಿರುವ ಕೆನಾಲ್ ಇತ್ತು. ಅದರಲ್ಲೇ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡಿ ತೂತು ಹುಡುಕಿದೆವು. ಮೂರು ಪ್ಯಾಚು ಹಾಕಿ ಎದ್ದಾಗ ಒಂದೂಕಾಲು.

ಎರಡು ಕಿಲೋಮೀಟರ್ ಹೋದಮೇಲೆ ಅವನ ಮುಂದಿನ ಚಕ್ರ ಮತ್ತೆ ಇಳಿಯಿತು. ಟೈರಿನ ಒಳಗೆ ಒಂದು ಮುರಿದ ಮೊನೆ ಉಳಿದುಬಿಟ್ಟಿತ್ತು. ಪ್ಯಾಚ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಬೇಕು, ಮುಳ್ಳಿದ್ದರೆ ಸಿಕ್ಕಿಕೊಳ್ಳುತ್ತದೆ. ಆತುರದಲ್ಲಿ ಮರೆತಿದ್ದೆವು. ಕೊನೆಯ ಪ್ಯಾಚೂ ಹೋಯಿತು. ಸಣ್ಣ ಪಂಪಿನಲ್ಲಿ ಗಾಳಿ ಪೂರ್ತಿ ತುಂಬಲಿಲ್ಲ. "ಹೋಗುತ್ತೆ ಬಾರೋ" ಅಂದವನು ನಾನೇ.

ಮತ್ತೆ ಪ್ಲೇನ್ ಮರಗಳು ಬಂದವು. ಬಿಸಿಲಿನಿಂದ ನೆರಳಿಗೆ ನುಗ್ಗಿದಾಗ ಎರಡು ಕ್ಷಣ ಕಣ್ಣಿಗೆ ಏನೂ ಕಾಣಲ್ಲ. ಅಲ್ಲೇ ಮಣಿಕಟ್ಟಿನ ದಪ್ಪದ ಬೇರು, ದಾರಿಗೆ ಓರೆಯಾಗಿ, ಮೇಲೆ ಧೂಳು. ಅರ್ಧ ಗಾಳಿಯ ಟೈರು ಅದರ ಮೇಲೆ ಜಾರಿತು. ರಿಮ್ ಕಲ್ಲಿಗೆ ಬಡಿದ ಸದ್ದು ಹಿಂದೆ ಇದ್ದ ನನಗೆ ಕೇಳಿಸಿತು. ಪುಣ್ಯಕ್ಕೆ ಪೊದೆಯ ಕಡೆ ಬಿದ್ದ, ನೀರಿನ ಕಡೆ ಅಲ್ಲ. ಅಂಗೈ ಕಿತ್ತುಹೋಗಿತ್ತು. ಮೊಣಕೈ ನೋಡನೋಡುತ್ತಲೇ ಊದಿಕೊಂಡಿತು. ತಲೆ ಸುತ್ತುತ್ತಿದೆ ಅಂದ.

112ಕ್ಕೆ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂತ ಮೊದಲ ಪ್ರಶ್ನೆ. ಏನು ಹೇಳಲಿ? ರಸ್ತೆ ಹೆಸರಿಲ್ಲ, ಮನೆ ನಂಬರಿಲ್ಲ. ಗಾಬರಿಯಲ್ಲಿ ಮ್ಯಾಪಿನ ಅಂಕಿಗಳನ್ನು ಓದಲೂ ತೋಚಲಿಲ್ಲ. "ಕೊನೆಗೆ ದಾಟಿದ ಲಾಕ್ ಯಾವುದು?" ಅಂದರು. ದೋಣಿಗಳನ್ನು ಏರಿಸಿ ಇಳಿಸುವ ಗೇಟುಗಳಿಗೆ ಇಲ್ಲಿ ಒಂದೊಂದಕ್ಕೂ ಹೆಸರಿದೆ. ಪಕ್ಕದ ಮನೆಯ ಗೋಡೆಯ ಫಲಕದಲ್ಲಿ ಆ ಹೆಸರೂ ಹಿಂದಿನ, ಮುಂದಿನ ಲಾಕಿಗೆ ಎಷ್ಟು ದೂರ ಅನ್ನುವುದೂ ಬರೆದಿರುತ್ತದೆ. ನಾನು ಒಂದನ್ನೂ ಓದಿರಲಿಲ್ಲ. ಬಿದ್ದವನೇ ನೆನಪಿಸಿದ, "ಗುಜರಿ ಕಬ್ಬಿಣದ ಗೊಂಬೆಗಳು ಇದ್ದವಲ್ಲ ಭಾವ, ಫೋಟೋ ತೆಗೆದೆವಲ್ಲ." ಹಾಗೇ ಹೇಳಿದೆ. "ಓ, ಲೆಗ್ವಿಯ್ ಲಾಕ್!" ಅಂದರು, ಜಾಗ ಗೊತ್ತಾಯಿತು. ಆಮೇಲೆ ಫೋನಿಗೆ ಡಾಕ್ಟರ್ ಬಂದು ಬೆರಳು ಆಡುತ್ತದಾ, ತಲೆಗೆ ಪೆಟ್ಟಾಗಿದೆಯಾ ಅಂತೆಲ್ಲ ಕೇಳಿ, ಆಂಬುಲೆನ್ಸ್ ಬೇಡ, ನೀವೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ ಅಂದರು. ಸರಿಯೇ. ಆದರೆ ಹೋಗುವುದು ಹೇಗೆ?

ಎರಡು ಸೈಕಲ್ ತಳ್ಳಿಕೊಂಡು ಪ್ಯೂಶೆರಿಕ್ ಊರಿಗೆ ನಡೆದೆವು. ಬೆಂಡಾದ ಚಕ್ರ ಬ್ರೇಕಿಗೆ ಉಜ್ಜುತ್ತಿತ್ತು, ಎತ್ತಿ ಹಿಡಿದೇ ನಡೆದೆ. ನೀರು ಮುಗಿದಿತ್ತು. ಊರ ಸ್ಮಶಾನದ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡೆವು. ಮುಖ ಸಿಂಡರಿಸಬೇಡಿ, ಹೂಗಿಡಕ್ಕೆಂದು ಹೆಚ್ಚಿನ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಇಲ್ಲಿನ ಸೈಕಲ್ ಜನಕ್ಕೆ ಅದೇ ಗತಿ. 'ನೋಂ ಪೊತಾಬ್ಲ್' ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬಾರದು. ಮೂರು ಟ್ಯಾಕ್ಸಿಗೆ ಫೋನ್ ಮಾಡಿದೆ. ಒಂದು ಎತ್ತಲಿಲ್ಲ, ಎರಡು ಸೈಕಲ್ ಹಾಕಲ್ಲ ಅಂದವು.

ದ್ರಾಕ್ಷಿ ಕೊಯ್ಲಿನ ಕಾಲವಾದ್ದರಿಂದ ಬಚಾವಾದೆವು. ತೋಟದಿಂದ ಬರುತ್ತಿದ್ದ ವಯಸ್ಸಾದ ರೈತರೊಬ್ಬರು ಅವನ ಕೈ ನೋಡಿ ವ್ಯಾನ್ ನಿಲ್ಲಿಸಿದರು. ರಸ ಅಂಟಿದ ಬಕೆಟ್ಟುಗಳ ಮಧ್ಯೆ ಸೈಕಲ್ ಮಲಗಿಸಿ ಲೆಜಿನ್ಯಾಂ ಸ್ಟೇಷನ್ನಿಗೆ ಬಿಟ್ಟರು. ದುಡ್ಡು ಮುಟ್ಟಲಿಲ್ಲ. ಮೊದಲ ರೈಲಿನಲ್ಲಿ ಸೈಕಲ್ಲಿಗೆ ಜಾಗ ಇರಲಿಲ್ಲ, ಎರಡನೆಯದು ಸಿಕ್ಕಿತು. ರಾತ್ರಿ ಟುಲೂಸ್‌ನಲ್ಲಿ ಎಕ್ಸ್‌ರೇ ತೆಗೆಸಿದರೆ ಮೊಣಕೈಯಲ್ಲಿ ಕೂದಲೆಳೆಯಷ್ಟು ಬಿರುಕು. ವೀಸಾಕ್ಕೆಂದು ಕಡ್ಡಾಯವಾಗಿ ಮಾಡಿಸಿದ್ದ 30,000 ಯೂರೋ ಇನ್ಶೂರೆನ್ಸ್ ಕೆಲಸಕ್ಕೆ ಬಂತು.

ಮೈಸೂರಿನ ಹುಡುಗನಿಗೆ ಹೇಳಿದ್ದು ಇಷ್ಟು. ಟೈರು 40 ಮಿಲಿಮೀಟರ್‌ಗೆ ಕಡಿಮೆ ಬೇಡ, ಟ್ಯೂಬ್‌ಲೆಸ್ ಆದರೆ ಒಳ್ಳೆಯದು, ನೆಗ್ಗಿಲ ಮುಳ್ಳಿನ ಸಣ್ಣ ತೂತು ಒಳಗಿನ ದ್ರವಕ್ಕೇ ಮುಚ್ಚಿಹೋಗುತ್ತದೆ. ಅಂಗಡಿಯಲ್ಲೇ ಸ್ಪೇರ್ ಟ್ಯೂಬಿನ ವಾಲ್ವನ್ನು ರಿಮ್ಮಿಗೆ ತೂರಿಸಿ ನೋಡು. ಭಾನುವಾರ ಬಿಟ್ಟು ಶನಿವಾರ ಹೋಗು. ಪ್ರತಿ ಲಾಕಿನ ಹೆಸರು ಓದು.

ಬಾಡಿಗೆ ಅಂಗಡಿಯವರು ಬೆಂಡಾದ ರಿಮ್ಮಿಗೆ ಅಂತ ಡಿಪಾಸಿಟ್‌ನಿಂದ 140 ಯೂರೋ ಹಿಡಿದರು. ಟ್ಯೂಬಿನ ವಿಷಯ ಎತ್ತಿದೆ. "ನಮ್ಮ ಚೀಲದಲ್ಲಿ ಸರಿಯಾದ ಟ್ಯೂಬೇ ಇತ್ತು" ಅಂದರು. ನನ್ನ ಹತ್ತಿರ ಫೋಟೋ ಇರಲಿಲ್ಲ.