ಕೀಮೋ ದಿನಗಳಲ್ಲಿ ಬಳಸಿದ ಡಿಜಿಟಲ್ ಥರ್ಮಾಮೀಟರ್

ಸ್ತನ ಕ್ಯಾನ್ಸರಿನ ಮೊದಲ ಕೀಮೋ ಮುಗಿಸಿ ಮನೆಗೆ ಹೊರಟಾಗ, ಡೇ ಕೇರ್ ವಾರ್ಡಿನ ನರ್ಸ್ ಮಾತ್ರೆ ಚೀಟಿಯ ಹಿಂದೆ 100.4 ಎಂದು ಬರೆದು ಅದರ ಸುತ್ತ ಗೆರೆ ಎಳೆದುಕೊಟ್ಟರು. ಜ್ವರ ಈ ಅಂಕಿಯನ್ನು ಮುಟ್ಟಿದರೆ ಎಂಥ ಹೊತ್ತಿನಲ್ಲಾದರೂ ಫೋನ್ ಮಾಡಬೇಕು, ಕೇಳದೆ ಪ್ಯಾರಾಸಿಟಮಾಲ್ ನುಂಗಿ ಜ್ವರವನ್ನು ಮರೆಮಾಡಬಾರದು ಎಂದರು. ದಾರಿಯಲ್ಲಿ ಔಷಧದಂಗಡಿಯೊಂದರಲ್ಲಿ 180 ರೂಪಾಯಿ ಕೊಟ್ಟು ಕೊಂಡ ಥರ್ಮಾಮೀಟರನ್ನು 21 ದಿನಗಳ ಅಂತರದ 4 ಸೈಕಲ್‌ಗಳುದ್ದಕ್ಕೂ (ಕೀಮೋ ಸುತ್ತುಗಳುದ್ದಕ್ಕೂ) ಬಳಸಿದ್ದೇನೆ.

ಕೀಮೋ ಔಷಧವು ರಕ್ತಕಣಗಳು ಹುಟ್ಟುವ ಎಲುಬಿನ ಮಜ್ಜೆಯನ್ನೂ ಬಾಧಿಸುವುದರಿಂದ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ತೀರಾ ಕಡಿಮೆಯಾಗುತ್ತವೆ. ‘ಕೌಂಟ್ ಬಿದ್ದಿದೆ’ ಎನ್ನುವುದು ಇದನ್ನೇ. ಕೀವು, ಕೆಂಪು, ಊತಗಳಿಗೆ ಕಾರಣವಾಗುವ ಕಣಗಳೇ ಇಲ್ಲದಿರುವಾಗ ಸೋಂಕು ತಗುಲಿದರೂ ಅವು ಕಾಣಿಸದಿರಬಹುದು, ಆಗ ಜ್ವರವೊಂದೇ ಸುಳಿವಾಗಿ ಉಳಿಯಬಹುದು. ಹಣೆಗೆ ಗುರಿಯಿಡುವ ಗನ್ ನಮ್ಮ ಮನೆಯಲ್ಲಿ ಕೋವಿಡ್ ಕಾಲದಿಂದಲೂ ಇತ್ತಾದರೂ, ಬೆವರಿದ್ದರೆ ಒಂದು, ಫ್ಯಾನಿನ ಕೆಳಗೆ ಇನ್ನೊಂದು ಅಂಕಿ ತೋರಿಸುತ್ತಿದ್ದುದರಿಂದ ಅದನ್ನು ಬದಿಗಿಟ್ಟೆ.

ಈ ಥರ್ಮಾಮೀಟರಿನ ತುದಿ ಬಾಗುತ್ತದೆ. ಬಾಯಿ ಹುಣ್ಣಾಗಿ ಗಂಜಿ ನುಂಗುವುದೂ ಕಷ್ಟವಾಗಿದ್ದ ದಿನಗಳಲ್ಲಿ ಇದು ಸಣ್ಣ ಸೌಲಭ್ಯವಲ್ಲ. ಕಂಕುಳಲ್ಲಿಟ್ಟರೆ ಅಂಕಿ ಬಾಯಿಗಿಂತ ಕಡಿಮೆ ಬರುತ್ತದೆ. ಬಿಸಿ ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಕಾಯಬೇಕು. ಪರದೆಗೆ ಬೆಳಕಿಲ್ಲದಿರುವುದು ದೊಡ್ಡ ಕೊರತೆ, ಏಕೆಂದರೆ ಇದರ ಅಗತ್ಯ ಬೀಳುವುದೇ ಹೆಚ್ಚಾಗಿ ರಾತ್ರಿ.

ಇನ್ನೊಂದು ತೊಂದರೆಗೆ ಈ ಉಪಕರಣವನ್ನು ದೂರುವಂತಿಲ್ಲ. ಎರಡನೆಯ ಸೈಕಲ್ಲಿನ 9ನೇ ದಿನ ನಾನು ಬೆಳಗಿನಿಂದ ರಾತ್ರಿಯವರೆಗೆ ಹದಿನಾಲ್ಕು ಸಲ ಜ್ವರ ನೋಡಿಕೊಂಡೆ. 98.9 ಇದ್ದದ್ದು 99.1 ಆದರೆ ಎದೆ ಹೊಡೆದುಕೊಳ್ಳುತ್ತಿತ್ತು, 98.7ಕ್ಕೆ ಇಳಿದರೆ ಅಳತೆಯಲ್ಲೇ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಬೆಳಿಗ್ಗೆ, ಸಂಜೆ, ಮತ್ತೆ ಚಳಿ ಬಂದಾಗ ಮಾತ್ರ ನೋಡಿ ಎಂದು ವೈದ್ಯರು ಹೇಳಿದ ಮೇಲೆ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಅಂಕಿ ಬರೆಯತೊಡಗಿದೆ. ಬರೆದಿಟ್ಟ ಅಂಕಿಯನ್ನು ಸಂಜೆಯವರೆಗೆ ಮನಸ್ಸಿನಲ್ಲಿ ಹೊತ್ತು ತಿರುಗಬೇಕಾಗಿರಲಿಲ್ಲ. ಯಜಮಾನರೂ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುವುದನ್ನು ಬಿಟ್ಟು ಕ್ಯಾಲೆಂಡರ್ ನೋಡತೊಡಗಿದರು.

ಮೂರನೆಯ ಸೈಕಲ್ಲಿನಲ್ಲಿ, ನಡುರಾತ್ರಿ ಎರಡು ಗಂಟೆಗೆ, ನಡುಕ ಬಂದು 100.6 ತೋರಿಸಿತು. ಫೋನಿನಲ್ಲಿ ನಾನು ಹೇಳಬೇಕಾಗಿದ್ದುದು ಎರಡೇ ಮಾತು: ಎಷ್ಟು ಜ್ವರ, ಕೀಮೋ ಆಗಿ ಎಷ್ಟನೆಯ ದಿನ. ಆಸ್ಪತ್ರೆ ತಲುಪುತ್ತಿದ್ದಂತೆ ರಕ್ತ ತೆಗೆದುಕೊಂಡು ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಮುಂದಿನ ಕೀಮೋ ಒಂದು ವಾರ ತಡವಾಯಿತು.

ಕೊಳ್ಳುವವರು ಜೊತೆಗೆ ಒಂದು ಬಟನ್ ಸೆಲ್ ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಬೇಕು, ಒಂದು ಸಣ್ಣ ಟಾರ್ಚನ್ನೂ.