ವಿರಹದ ಹಾಡಿಗೆ ಜೀನಿಯಸ್ ಟಿಪ್ಪಣಿ ಎಷ್ಟು ದೂರ ಬರುತ್ತದೆ?

ಹಾಡಿನ ಸಾಲಿನ ಮೇಲೆ ಒತ್ತಿದರೆ ಸಾಕು, ಅರ್ಥ ತೆರೆದುಕೊಳ್ಳುತ್ತದೆ. ಹಾಡುಗಳ ಸಾಹಿತ್ಯಕ್ಕೆ ಬಳಕೆದಾರರೇ ಟಿಪ್ಪಣಿ ಬರೆಯುವ ಜೀನಿಯಸ್ ತಾಣದ ಬಂಡವಾಳವೇ ಇದು. 2009ರಲ್ಲಿ ಶುರುವಾದಾಗ ಇದರ ಗುರಿ ರ‍್ಯಾಪ್ ಹಾಡುಗಳು, ಅದೇ ವರ್ಷದ ಕೊನೆಗೆ ಸಿಕ್ಕ ಹೆಸರೂ ರ‍್ಯಾಪ್ ಜೀನಿಯಸ್. ಬೇರೆ ಬಗೆಯ ಹಾಡುಗಳೂ ಬಂದು ಸೇರಿ, 2014ರಲ್ಲಿ ಹೆಸರಿನಿಂದ ‘ರ‍್ಯಾಪ್’ ಬಿದ್ದುಹೋಯಿತು. ಆದರೂ ಹುಟ್ಟುಗುಣ ಉಳಿದಿದೆ. ರ‍್ಯಾಪ್ ಸಾಲಿನಲ್ಲಿ ಒಂದು ಬೀದಿಯ ಹೆಸರಿರುತ್ತದೆ, ಶ್ಲೇಷೆ ಇರುತ್ತದೆ, ಹಳೆಯ ಜಗಳದ ಸುಳಿವಿರುತ್ತದೆ. ಅಂಥ ಸಾಲಿಗೆ ಒಂದು ಟಿಪ್ಪಣಿ ಹಚ್ಚಿದರೆ ಕೆಲಸ ಮುಗಿಯಿತು. ಪ್ರೇಮದ, ವಿರಹದ ಹಾಡಿನಲ್ಲಿ ಅರ್ಥವಾಗದ ಪದವೇ ಇರುವುದಿಲ್ಲ. ಅಲ್ಲಿ ಬಿಡಿಸಬೇಕಾದದ್ದು ಬೇರೆ: ಯಾರು ಹೇಳುತ್ತಿದ್ದಾರೆ, ಯಾರಿಗೆ, ಬಿಟ್ಟುಹೋಗುವ ಮೊದಲೋ ಆಮೇಲೋ.

ಮೊದಲು ಒಳ್ಳೆಯದನ್ನು ಹೇಳಬೇಕು. ಸಾಹಿತ್ಯವನ್ನು ಚರಣ, ಪಲ್ಲವಿ, ಬ್ರಿಡ್ಜ್ (ಹಾಡಿನ ಕೊನೆಯ ಭಾಗದಲ್ಲಿ ಧಾಟಿ ಬದಲಾಗುವ ತುಣುಕು) ಎಂದು ಗುರುತು ಹಾಕಿ ಒಡೆದಿರುತ್ತಾರೆ. ವಿರಹಗೀತೆಗೆ ಇದು ದೊಡ್ಡ ಉಪಕಾರ, ಏಕೆಂದರೆ ಅಲ್ಲಿಯವರೆಗೆ ‘ನೀನು ಬಿಟ್ಟುಹೋದೆ’ ಎನ್ನುತ್ತಿದ್ದ ದನಿ ‘ತಪ್ಪು ನನ್ನದೂ ಇತ್ತು’ ಎಂದು ಹೊರಳುವುದು ಹೆಚ್ಚಾಗಿ ಬ್ರಿಡ್ಜ್‌ನಲ್ಲೇ. ಪುಟದ ಕೆಳಗಿನ ಕ್ರೆಡಿಟ್ ಭಾಗದಲ್ಲಿ ಬರೆದವರ ಹೆಸರು, ಬಿಡುಗಡೆಯ ದಿನಾಂಕ ಸಿಗುತ್ತವೆ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಮೊದಲು ನೋಡಬೇಕಾದದ್ದು ಇದನ್ನೇ. ನಾಲ್ವರು ಸೇರಿ ಬರೆದ ಹಾಡನ್ನು ಹಾಡಿದವರ ದಿನಚರಿ ಎಂದು ಓದಲಾಗದು.

ಟಿಪ್ಪಣಿಗಳೆಲ್ಲ ಒಂದೇ ತೂಕದವಲ್ಲ. ‘ವೆರಿಫೈಡ್’ ಎಂದಿದ್ದರೆ ಕಲಾವಿದರೇ ಬರೆದದ್ದು. ‘ಅನ್‌ರಿವ್ಯೂಡ್’ ಎಂದಿದ್ದರೆ ಯಾರೋ ಬರೆದು ಹಾಕಿದ್ದಾರೆ, ಇನ್ನೂ ಯಾರೂ ಪರಿಶೀಲಿಸಿಲ್ಲ. ಇವೆರಡರ ನಡುವೆ ಹಲವರು ತಿದ್ದಿ ಒಪ್ಪಿದ ಟಿಪ್ಪಣಿಗಳಿವೆ. ಸಾಲನ್ನೇ ಬೇರೆ ಮಾತಿನಲ್ಲಿ ಮತ್ತೆ ಹೇಳಬೇಡಿ ಎಂಬ ನಿಯಮ ತಾಣದ್ದೇ. ಆದರೆ ಬರೆದವರಿಗೆ ‘ಐಕ್ಯೂ’ ಅಂಕ ಸಿಗುವ ವ್ಯವಸ್ಥೆಯಿರುವುದರಿಂದ ಖಾಲಿ ಸಾಲು ಕಂಡರೆ ತುಂಬುವ ಆತುರ ಸಹಜ. ‘ನಿನ್ನ ನೆನಪಾಗುತ್ತಿದೆ’ ಎಂಬ ಸಾಲಿಗೆ ‘ಇಲ್ಲಿ ಹಾಡುಗಾರ ತನ್ನ ಹಳೆಯ ಗೆಳತಿಯನ್ನು ನೆನೆಯುತ್ತಿದ್ದಾನೆ’ ಎಂದು ಬರೆದರೆ ಓದುಗನಿಗೆ ದಕ್ಕಿದ್ದೇನು?

ಇನ್ನೊಂದು ಕಾಯಿಲೆ ಗಾಸಿಪ್. ಈ ಸಾಲು ಇಂಥ ನಟನ ಬಗ್ಗೆ, ಆ ಸಾಲು ಇಂಥ ಗಾಯಕಿಯ ಬಗ್ಗೆ ಎಂದು ಹೆಸರು ಹಚ್ಚುವುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ: ಟಿಪ್ಪಣಿಯಿಂದ ಆ ಹೆಸರನ್ನು ತೆಗೆದು ಓದಿ. ಸಾಲಿನ ಬಗ್ಗೆ ಒಂದು ಮಾತಾದರೂ ಉಳಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ.

ಸಾಲು ಸಾಲಿಗೆ ಟಿಪ್ಪಣಿ ಹಚ್ಚುವ ವಿಧಾನ ನಿಜವಾಗಿ ಸೋಲುವುದು ಪಲ್ಲವಿಯಲ್ಲಿ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪಲ್ಲವಿಯಲ್ಲಿ ಒಬ್ಬಳು ತನ್ನ ಪ್ರಿಯನಿಗೆ ಹೇಳುವ ಸಾಲು: ‘ಬಾಗಿಲು ತೆರೆದೇ ಇದೆ’. ಮೊದಲ ಚರಣದಲ್ಲಿ ಅವನು ಕೆಲಸ ಮುಗಿಸಿ ತಡವಾಗಿ ಬರುವವನು. ಆಗ ಈ ಸಾಲು ಅಕ್ಕರೆ. ಎರಡನೇ ಚರಣದಲ್ಲಿ ಅವನು ಹೋಗಿಬಿಟ್ಟಿದ್ದಾನೆ. ಅದೇ ಸಾಲು ಈಗ ಕಾಯುವಿಕೆ. ಬ್ರಿಡ್ಜ್‌ನಲ್ಲಿ ಅವಳು ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುತ್ತಾಳೆ. ಮೂರನೇ ಸಲ ಬಾಗಿಲು ತೆರೆದಿರುವುದು ಅವನಿಗಲ್ಲ, ಅವಳು ಹೊರಡುವುದಕ್ಕೆ. ಒಂದಕ್ಷರ ಬದಲಾಗಿಲ್ಲ, ಅರ್ಥ ಎರಡು ಸಲ ಬದಲಾಯಿತು. ಪಲ್ಲವಿ ಮೊದಲು ಬಂದ ಜಾಗಕ್ಕೆ ಹಚ್ಚಿದ ಒಂದೇ ಟಿಪ್ಪಣಿ ಇದನ್ನು ಹಿಡಿಯಲಾರದು. ಪ್ರತಿ ಪಲ್ಲವಿಗೂ ಮುಂಚಿನ ಎರಡು ಸಾಲನ್ನು ಮತ್ತೆ ಓದಿಕೊಂಡೇ ಮುಂದೆ ಹೋಗಿ.

ಇಂಗ್ಲಿಷ್ ಹಾಡಾದರೆ ವ್ಯಾಕರಣದಲ್ಲೇ ಅರ್ಧ ಅರ್ಥ ಅಡಗಿರುತ್ತದೆ. ‘ಯೂ’ ಎಂದರೆ ನೀನೋ, ನೀವೋ, ಹೆಣ್ಣೋ, ಗಂಡೋ ಹೇಳದು. ಕೆಲವೊಮ್ಮೆ ಹಾಡುವವರು ತಮ್ಮನ್ನೇ ‘ಯೂ’ ಎಂದು ಕರೆದುಕೊಂಡಿರುತ್ತಾರೆ. ‘ಐ ವುಡ್ ವೇಯ್ಟ್’ ಎಂದರೆ ‘ಕಾಯುತ್ತಿದ್ದೆ’ ಎಂದೂ ಆಗುತ್ತದೆ, ‘ಕಾದೇನು’ ಎಂದೂ ಆಗುತ್ತದೆ. ಮೊದಲನೆಯದು ಮುಗಿದ ಕಥೆ, ಎರಡನೆಯದರಲ್ಲಿ ಇನ್ನೂ ಆಸೆ ಉಸಿರಾಡುತ್ತಿದೆ. ಕನ್ನಡದಲ್ಲಿ ಅರ್ಥ ಹೇಳುವವರು ಎರಡರಲ್ಲೊಂದನ್ನು ಆರಿಸಲೇಬೇಕು. ಆ ಚರಣದ ಉಳಿದ ಕ್ರಿಯಾಪದಗಳ ಕಾಲ ನೋಡಿ ಆರಿಸಿ. ಇಂಥದ್ದನ್ನು ಮುಟ್ಟುವ ಟಿಪ್ಪಣಿ ಅಪರೂಪ. ಸಿಕ್ಕಾಗ ಮನಸ್ಸು ತುಂಬುತ್ತದೆ.

ಪಠ್ಯವನ್ನೂ ಕಣ್ಣುಮುಚ್ಚಿ ನಂಬಬೇಡಿ. ಬಹುಪಾಲು ಸಾಹಿತ್ಯ ಬಳಕೆದಾರರು ಕೇಳಿ ಬರೆದದ್ದು. ತಪ್ಪಾಗಿ ಕೇಳಿಸಿಕೊಂಡ ಸಾಲಿಗೆ ಇಂಗ್ಲಿಷಿನಲ್ಲಿ ‘ಮಾಂಡಗ್ರೀನ್’ ಎಂಬ ಹೆಸರೇ ಇದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ 1954ರಲ್ಲಿ ಟಂಕಿಸಿದ ಪದ ಅದು. ವಿರಹಗೀತೆಯಲ್ಲಿ ಅಪಾಯದ ಜಾಗ ‘ಲವ್ಡ್ ಯೂ’. ಹಾಡುವಾಗ ‘ಡ್’ ಮುಂದಿನ ‘ಯೂ’ದೊಳಗೆ ಕರಗಿ ‘ಲವ್ ಯೂ’ ಎಂದೇ ಕೇಳಬಹುದು. ಬರೆದವರು ಆ ‘ಡ್’ ಬಿಟ್ಟರೆ ಮುಗಿದ ಪ್ರೀತಿ ಮತ್ತೆ ಜೀವಂತವಾಗುತ್ತದೆ, ಅದರ ಮೇಲೆ ಹಚ್ಚಿದ ಟಿಪ್ಪಣಿಯೂ ದಾರಿ ತಪ್ಪುತ್ತದೆ. ಅನುಮಾನ ಬಂದರೆ ಅದೇ ಸಾಲಿನ ನೇರ ಪ್ರದರ್ಶನದ ಧ್ವನಿಮುದ್ರಣ ಹುಡುಕಿ, ವೇಗ ಮುಕ್ಕಾಲಕ್ಕೆ ಇಳಿಸಿ ಕೇಳಿ. ಆಲ್ಬಮ್ ಜೊತೆ ಅಚ್ಚಾದ ಸಾಹಿತ್ಯ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮ್ಯೂಸಿಕ್ಸ್‌ಮ್ಯಾಚ್ ಎಂಬ ಇನ್ನೊಂದು ಸಾಹಿತ್ಯ ತಾಣದ ಜೊತೆ ಹೋಲಿಸುವವರಿದ್ದಾರೆ. ಅದರ ಬಲ ಹಾಡಿನ ಜೊತೆಗೇ ಸಾಲು ಓಡಿಸುವುದರಲ್ಲಿ. ಉಸಿರು ಎಲ್ಲಿ ತಡೆಯಿತು, ಯಾವ ಪದ ಎಳೆಯಿತು ಎಂದು ನೋಡಲು ಅದು ಚೆನ್ನ. ವಿವರಣೆ ಬೇಕಾದವರಿಗೆ ಜೀನಿಯಸ್ಸೇ.

ಓದುವುದಕ್ಕೆ ಖಾತೆ ಬೇಕಿಲ್ಲ, ತಿದ್ದುವುದಕ್ಕೆ ಬೇಕು. ತಪ್ಪು ಕಂಡಾಗ ಸುಮ್ಮನೆ ‘ತಪ್ಪು’ ಎಂದು ಬರೆದು ಬರಬೇಡಿ. ಸಾಲು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಬರುತ್ತದೆ, ಈಗ ಏನಿದೆ, ಏನಾಗಬೇಕು ಎಂದು ಸೂಚನೆಯಲ್ಲಿ ಕೊಡಿ. ತಿದ್ದುವವರು ನೇರವಾಗಿ ಆ ಜಾಗಕ್ಕೆ ಹೋಗಿ ಕೇಳಿ ನೋಡಬಹುದು.